ಅಪ್ಪಯ್ಯ ಮುಗಿಸದ ಗೋಡೆ

“ಕಟ್ಟಡದ ಅಳತೆ ಎಷ್ಟು ಬೇಕಾದ್ರೂ ತಗೊಳ್ಳಿ ಮೇಷ್ಟ್ರೇ. ಆಳಿನ ಅಳತೆ ಮಾತ್ರ ಈ ಕಾಂಪೌಂಡಿನೊಳಗೆ ಬೇಡ.”

ಮಹಾನಂದಮ್ಮ ಈ ಮಾತು ಹೇಳಿದ್ದು ವರಾಂಡದ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ. ಮೊರದಿಂದ ತಲೆ ಎತ್ತಿರಲಿಲ್ಲ. ಎಂಬತ್ತು ದಾಟಿದ ಬೆರಳುಗಳು ಸಿಪ್ಪೆಯನ್ನು ಸೀಳಿ ಕಾಳನ್ನು ಬೀಳಿಸುತ್ತಿದ್ದವು. ಅವರೆಯ ಸೊಗಡು ಆ ಬೆಳಗಿನ ಚಳಿಯಲ್ಲಿ ವರಾಂಡದ ತುಂಬ ಹರಡಿತ್ತು.

ವಾದಿರಾಜ ನಕ್ಕ. ಬಸವನಗುಡಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಹೇಳುತ್ತಿದ್ದವನು. ಹಳೆಯ ಮನೆಗಳಿಗೆಲ್ಲ ಇಂಥದೊಂದು ಮಾತು ಅಂಟಿಕೊಂಡಿರುತ್ತದೆಂದು ಅವನಿಗೆ ಗೊತ್ತಿತ್ತು.

“ಹಾಗಾದ್ರೆ ಈ ಮನೇಲಿ ಬಟ್ಟೆ ಹೊಲಿಸೋದು ಹೇಗಮ್ಮಾ?”

“ಗೇಟಿನಾಚೆ. ಐವತ್ತೈದು ವರ್ಷದಿಂದ ಟೈಲರು ಫುಟ್‌ಪಾತ್ ಮೇಲೆ ನಿಂತೇ ಅಳತೆ ತಗೊಳ್ಳೋದು.”

ಮನೆಯ ಯಜಮಾನ ಕೈಲಾಸ್ ಮುಜುಗರದಿಂದ ಕತ್ತು ಕೆರೆದುಕೊಂಡ. ಮಹಾನಂದಮ್ಮನ ಮಗ, ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ. ಬರುವ ವರ್ಷದ ಮಗಳ ಮದುವೆಗೆ ಬಂದವರಿಗೆಲ್ಲ ಈ ಮನೆಯ ಚರಿತ್ರೆಯ ಪುಸ್ತಕ ಹಂಚಬೇಕೆಂಬುದು ಅವನ ಆಸೆ. ಅದಕ್ಕೇ ವಾದಿರಾಜನನ್ನು ಕರೆಸಿದ್ದ.

“ಅಮ್ಮಂದು ಹಳೇ ಕಾಲದ ಮಾತು ಸಾರ್. ಆದ್ರೂ ಬೇಡ ಬಿಡಿ. ನಾವು ಮಕ್ಕಳ ಎತ್ತರ ಕೂಡ ಗೋಡೇಲಿ ಗುರುತು ಹಾಕಲ್ಲ.”

“ಅಪ್ಪ, ಇದನ್ನೇ ಪುಸ್ತಕದ ಮೊದಲನೇ ಪುಟಕ್ಕೆ ಹಾಕು,” ಎಂದಳು ಆರಾಧನಾ, ಹೆಗಲ ಚೀಲದಿಂದ ಉಕ್ಕಿನ ಟೇಪು ತೆಗೆಯುತ್ತ. ಅವಳು ವಾದಿರಾಜನ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ, ಆರ್ಕಿಟೆಕ್ಚರ್ ಎರಡನೆಯ ವರ್ಷ. ಪುಸ್ತಕದ ನಕ್ಷೆಗಳು ಅವಳ ಪಾಲಿಗೆ ಬಂದಿದ್ದವು.

ಮಹಾನಂದಮ್ಮ ಆಗ ತಲೆ ಎತ್ತಿದರು. ಅವರು ನೋಡಿದ್ದು ಟೇಪನ್ನಲ್ಲ, ಹುಡುಗಿಯ ಪಾದದಿಂದ ನೆತ್ತಿಯವರೆಗೆ.

ಚಾಮರಾಜಪೇಟೆಯ ಆ ಅಡ್ಡರಸ್ತೆಯ ಆಟೋದವರು ಅದನ್ನು ಕೋಟೆ ಮನೆ ಎನ್ನುತ್ತಾರೆ. ಕಮಾನಿನ ಕಿಟಕಿಗಳು, ಬೆಂಕಿ ಕಾಯಿಸುವಷ್ಟು ಚಳಿಯಿಲ್ಲದ ಊರಿನಲ್ಲಿ ನಾಲ್ಕು ಹೊಗೆಗೂಡು, ಹಜಾರದಲ್ಲಿ ಯಾರೂ ಬೆಂಕಿ ಹಾಕದ ಅಗ್ಗಿಷ್ಟಿಕೆ. ಕಟ್ಟಿಸಿದವನು ಲ್ಯಾಂಗ್ಲಿ ಎಂಬ ದೊರೆ. ಪೇಟೆಗಳು ಇನ್ನೂ ಇಷ್ಟು ದೂರ ಬೆಳೆಯದಿದ್ದ ಕಾಲ. ಸುತ್ತ ರಾಗಿ ಹೊಲ. ಇಂಗ್ಲೆಂಡಿನಲ್ಲಿ ಅವನ ಮನೆತನಕ್ಕೆ ದೊಡ್ಡ ಬಂಗಲೆಯಿತ್ತು, ಬಂಗಲೆಯ ಹಿಂದೆ ಮುರಿದುಬಿದ್ದ ಒಂದು ಕೋಟೆಯಿತ್ತು. ಎರಡೂ ಅಣ್ಣನ ಪಾಲಾದವು. ತಮ್ಮ ಇಲ್ಲಿಗೆ ಬಂದು ಎರಡನ್ನೂ ಮತ್ತೆ ಕಟ್ಟಿಸಿಕೊಳ್ಳಲು ಹೊರಟ.

ಬಂಗಲೆ ಕಟ್ಟಿಸುವುದು ಸುಲಭವಾಯಿತು. ಹಾಳು ಕಟ್ಟಿಸುವುದು ಕಷ್ಟವಾಯಿತು.

ಲ್ಯಾಂಗ್ಲಿ ಅಣ್ಣನಿಗೆ ಬರೆದ ಕಾಗದಗಳ ನಕಲು ಮನೆಯ ಪೆಟ್ಟಿಗೆಯಲ್ಲಿದ್ದವು. ಅವುಗಳಲ್ಲಿ ಒಂದನ್ನು ಓದಿ ವಾದಿರಾಜ ಹಿಂದಿನ ದಿನವೇ ಹೆಂಡತಿ ಗೋದಾಳಿಗೆ ಹೇಳಿ ನಗಿಸಿದ್ದ. ‘ಮೇಸ್ತ್ರಿ ಅಪ್ಪಯ್ಯನಿಗೆ ಮುರಿದ ಗೋಡೆ ಕಟ್ಟು ಎಂದು ಮೂರು ಸಲ ಹೇಳಿಸಿದೆ. ಮೂರು ಸಲವೂ ಅವನು, ಯಾವಾಗ ಮುರಿಯಿತು ಸ್ವಾಮೀ ಎಂದು ಕೇಳಿದ. ಕಟ್ಟಿದ ಮೇಲೆ, ಗೋಡೆ ಮುಗಿಸಲು ಬಿಡಿ ಎಂದು ನನ್ನ ಕಾಲು ಹಿಡಿದ. ಅವನ ಮಗನಿಗೆ ಹುಷಾರಿಲ್ಲವಂತೆ. ಎರಡಕ್ಕೂ ಏನು ಸಂಬಂಧವೋ ದೇವರೇ ಬಲ್ಲ. ನಾನು ಬಿಡಲಿಲ್ಲ, ಹಾಳು ಹಾಳಿನಂತೆಯೇ ಇರಬೇಕಲ್ಲ.’

ಆ ಹಾಳು ಹಿತ್ತಲಲ್ಲಿತ್ತು. ದೊಡ್ಡ ಮಳೆಮರವೊಂದು ಅದರ ಮೇಲೆ ಕೊಡೆ ಹಿಡಿದಂತೆ ಬಾಗಿತ್ತು. ಹಗಲು ಹನ್ನೊಂದಕ್ಕೂ ಅಲ್ಲಿ ದೀಪ ಹಚ್ಚುವ ಹೊತ್ತಿನ ಮಬ್ಬು. ದಪ್ಪ ಕಲ್ಲಿನ ಒಂದೇ ಗೋಡೆ, ಅದರಲ್ಲಿ ಆಚೆಗೆ ಏನೂ ಇಲ್ಲದ ಒಂದು ಕಿಟಕಿ. ಗೋಡೆಯ ನೆತ್ತಿ ಹಲ್ಲು ಉದುರಿದ ಬಾಯಿಯ ಹಾಗೆ ಏರಿಳಿದಿತ್ತು. ಕಾಗೆ, ಅಳಿಲು ಮನೆಯ ಮುಂದೆ ಬೇಕಾದಷ್ಟಿದ್ದವು. ಇತ್ತ ಒಂದೂ ಸುಳಿಯುತ್ತಿರಲಿಲ್ಲ. ಬೀದಿಯ ಸದ್ದು ಮರದ ಕೆಳಗೆ ಬಂದಕೂಡಲೇ ಕಂಬಳಿ ಹೊದ್ದಂತೆ ಮಂಕಾಗುತ್ತಿತ್ತು.

“ಏನೋ ವಾಸನೆ,” ಎಂದಳು ಆರಾಧನಾ. “ಬೆಲ್ಲದ ಪಾಕದ ಥರ.”

“ಹಳೇ ಗಾರೆಗೆ ಬೆಲ್ಲ, ಅಳಲೇಕಾಯಿ ಹಾಕ್ತಿದ್ರು.”

“ನೂರೈವತ್ತು ವರ್ಷ ಆದ್ಮೇಲೂ ವಾಸನೆ ಇರುತ್ತಾ?”

ಅವನು ಗೋಡೆಯ ಹತ್ತಿರ ಮೂಗು ತಂದ. ಅವನಿಗೂ ಬರುತ್ತಿತ್ತು. ನಿನ್ನೆ ಕಲಸಿಟ್ಟ ಸುಣ್ಣದ ಹಸಿ ವಾಸನೆ.

ಗೋಡೆಯ ಎತ್ತರ ಒಂಬತ್ತು ಅಡಿ ಎರಡು ಇಂಚು ಬಂತು. ಫೋಟೊ ತೆಗೆಯುವಾಗ ವಾದಿರಾಜನಿಗೆ ಗೋಡೆ ಚಿಕ್ಕದಾಗಿ ಕಾಣಿಸಿತು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತರೆ ನೋಡುವವರಿಗೆ ಗಾತ್ರ ತಿಳಿಯುತ್ತದೆ. ಹಳೆಯ ಕಟ್ಟಡ ದಾಖಲಿಸುವವರೆಲ್ಲ ಮಾಡುವ ಕೆಲಸ.

“ಹೋಗಿ ನಿಂತ್ಕೋ. ಬೆನ್ನು ತಾಗಿಸಿ ನಿಲ್ಲು.”

“ಆ ಅಜ್ಜಿ ಬೇಡ ಅಂದ್ರಲ್ಲ.”

“ಅಜ್ಜಿ ಅವರೆಕಾಯಿ ಬಿಡಿಸ್ತಿದಾರೆ. ನಿಲ್ಲು.”

ಅವಳು ನಗುತ್ತಲೇ ನಿಂತಳು. ಅವನು ಫೋಟೊ ತೆಗೆದ. ನಕ್ಷೆಗೆ ಬೇಕೆಂದು ಅವಳ ನೆತ್ತಿಯ ಮೇಲೆ ರಟ್ಟು ಅಡ್ಡ ಹಿಡಿದು, ಗೋಡೆಗೆ ಸೀಸಕಡ್ಡಿಯಲ್ಲಿ ಗೀಟು ಎಳೆದು, ಟೇಪು ಇಳಿಬಿಟ್ಟ. ‘ಆಳು: ಐದು ಅಡಿ ಮೂರು ಇಂಚು’ ಎಂದು ಗಟ್ಟಿಯಾಗಿ ಓದಿಕೊಂಡು ಬರೆದ.

ಗೋಡೆಯೊಳಗೆ ಎಲ್ಲೋ ಮರಳು ಜಾರಿದಂತೆ ಸದ್ದಾಯಿತು. ಅವಳ ನಗು ನಿಂತಿತು.

“ಕಲ್ಲು ಬೆಚ್ಚಗಿದೆ ಅಪ್ಪ.”

ಐದನೆಯ ದಿನ ಅವಳ ಪ್ಯಾಂಟಿನ ಅಂಚು ಚಪ್ಪಲಿಯಡಿ ಸಿಕ್ಕಿ ಕಾಲೇಜಿನ ಮೆಟ್ಟಿಲಲ್ಲಿ ಬಿದ್ದಳು. “ಒಗೆದು ಒಗೆದು ಜೋಲು ಬಿದ್ದಿದೆ,” ಎಂದು ಗೋದಾ ಅಂಚು ಮಡಿಚಿ ಹೊಲಿದಳು. ಎಂಟನೆಯ ದಿನ ಇನ್ನೊಂದು ಮಡಿಕೆ ಹಾಕಬೇಕಾಯಿತು. ಸ್ನಾನದ ಮನೆಯ ಗೂಡಿನಿಂದ ಸೋಪು ತೆಗೆಯಲು ಅವಳು ತುದಿಗಾಲಲ್ಲಿ ನಿಂತದ್ದನ್ನು ವಾದಿರಾಜ ಅರೆತೆರೆದ ಬಾಗಿಲಿನಿಂದ ಕಂಡ. 

ಅವಳು ಬಿಡಿಸುತ್ತಿದ್ದ ನಕ್ಷೆಯೂ ಕೂಡಿಬರುತ್ತಿರಲಿಲ್ಲ. ಸಂಶಯ ಬಂದು ಅವನೊಬ್ಬನೇ ಕೋಟೆ ಮನೆಗೆ ಹೋಗಿ ಗೋಡೆಯನ್ನು ಮತ್ತೆ ಅಳೆದ. ಒಂಬತ್ತು ಅಡಿ ನಾಲ್ಕು ಇಂಚು. ಟೇಪು ಸುತ್ತಿ, ಬಿಚ್ಚಿ, ಇನ್ನೊಮ್ಮೆ ಅಳೆದ. ಒಂಬತ್ತು ನಾಲ್ಕು. ಗೋಡೆಯ ಮೇಲೆ ಹೊಸ ಕಲ್ಲೇನೂ ಕೂತಿರಲಿಲ್ಲ. ಕಲ್ಲುಗಳ ನಡುವಿನ ಗಾರೆ ಉಬ್ಬಿತ್ತು. ಎಳೆ ಮಗುವಿನ ವಸಡಿನ ಹಾಗೆ ಬೆಳ್ಳಗೆ, ಒದ್ದೆಯಾಗಿ ಉಬ್ಬಿತ್ತು. ಬೆರಳಿಟ್ಟ. ಮೆತ್ತಗಿತ್ತು. ಬೆಚ್ಚಗಿತ್ತು.

ಮನೆಗೆ ಬಂದು ಮಗಳನ್ನು ಬಾಗಿಲಿಗೆ ನಿಲ್ಲಿಸಿ ಅಳೆದ. ಐದು ಅಡಿ ಒಂದು ಇಂಚು.

ಡಾಕ್ಟರು ರಕ್ತ, ಮೂಳೆ, ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. “ಮೊದಲು ಅಳೆದಿದ್ದೇ ತಪ್ಪಿರಬೇಕು,” ಎಂದರು. ಗೋದಾ ಹೈಸ್ಕೂಲಿನ ಆರೋಗ್ಯ ಕಾರ್ಡು ತೆಗೆದು ಅವರ ಮೇಜಿನ ಮೇಲಿಟ್ಟಳು. ಅದರಲ್ಲೂ ಐದು ಅಡಿ ಮೂರು ಇಂಚೆಂದೇ ಇತ್ತು. ಅವರು ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಟ್ಟರು.

ಹದಿನೈದನೆಯ ದಿನ ಅವಳು ನಾಲ್ಕು ಅಡಿ ಹತ್ತು ಇಂಚಿದ್ದಳು. ಮುಖ ಮಾತ್ರ ಹತ್ತೊಂಬತ್ತರದೇ. ಉಸಿರಾಡಿದರೆ ಪಕ್ಕೆ ನೋಯುತ್ತಿತ್ತು; ಒಳಗಿನದೆಲ್ಲ ಒತ್ತೊತ್ತಾಗಿ ಕೂತಂತೆ.

“ಅಪ್ಪ, ನಿಜ ಹೇಳು. ಆ ಗೋಡೆ ಎಷ್ಟಾಗಿದೆ ಈಗ?”

ಅವನು ಕಾರಿನ ಕೀ ತೆಗೆದುಕೊಂಡ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಚಾಮರಾಜಪೇಟೆಗೆ ಹೊರಟ. ಬಿಟ್ಟು ಹೋಗಲು ಧೈರ್ಯವಿರಲಿಲ್ಲ. ಅವಳನ್ನು ಗೇಟಿನ ಹೊರಗೆ ಕಾರಿನಲ್ಲೇ ಇರಿಸಿ ಒಳಗೆ ಓಡಿದ. ಮಧ್ಯಾಹ್ನ ಎರಡರ ಬಿಸಿಲು. ಮಹಾನಂದಮ್ಮ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಅವನ ಮುಖ ನೋಡಿದಕೂಡಲೇ ಅವರಿಗೆ ತಿಳಿಯಿತು.

“ಮಗಳನ್ನ ಗೋಡೆಗೆ ನಿಲ್ಲಿಸಿದ್ರಾ?”

“ನಿಲ್ಲಿಸ್ದೆ ಅಮ್ಮಾ.”

ಅವರು ಕಣ್ಣು ಮುಚ್ಚಿಕೊಂಡರು.

“ನನ್ನ ಮೊದಲನೇ ಮಗ, ಈಶ್ವರ. ಆರು ವರ್ಷ. ಊರಿಂದ ಬಂದಿದ್ದ ನಮ್ಮಣ್ಣ ಆಟಕ್ಕೆ ಅಂತ ಆ ಗೋಡೆಗೆ ನಿಲ್ಲಿಸಿ ಇದ್ದಿಲಲ್ಲಿ ಗುರುತು ಹಾಕ್ದ. ಸಂಕ್ರಾಂತಿಗೆ ಹೊಲಿಸಿದ ಚಡ್ಡಿ ಶಿವರಾತ್ರಿಗೆ ಜಾರ್ತಿತ್ತು. ಯುಗಾದಿಗೆ ಎತ್ಕೊಂಡು ಓಡಾಡ್ದೆ. ಕೊನೆಗೆ ಮತ್ತೆ ತೊಟ್ಟಿಲು ಕಟ್ದೆ ಮೇಷ್ಟ್ರೇ. ತೊಟ್ಟಿಲಲ್ಲಿ ಮಲಗಿ ಎಂಟರ ಮಗ್ಗಿ ಹೇಳ್ತಿದ್ದ. ಧ್ವನಿ ಮಾತ್ರ ಚಿಕ್ಕದಾಗಿರ್ಲಿಲ್ಲ.”

“ಇದನ್ನ ಅವತ್ತೇ ಹೇಳಬಾರದಿತ್ತಾ?” ಅವನು ಕಿರುಚಿದ.

“ಹೇಳಿದ್ರೆ ನಗ್ತಿದ್ರಿ. ಅಷ್ಟು ಹೇಳಿದ್ದಕ್ಕೇ ನಕ್ಕಿರಲ್ಲ.”

“ಬಿಡಿಸೋದು ಹೇಗೆ? ಏನಾದ್ರೂ ದಾರಿ ಇರಬೇಕಲ್ಲ!”

“ಕೂತ್ಕೊಳ್ಳಿ, ಹೇಳ್ತೀನಿ. ಅಪ್ಪಯ್ಯನ ವಂಶದೋನೊಬ್ಬ ಬಂದಿದ್ದ, ಈಶ್ವರ ಹೋದ್ಮೇಲೆ. ಮೇಸ್ತ್ರಿಗಳು ದೊಡ್ಡ ಗೋಡೆ ಎತ್ತುವಾಗ…”

ಅವನು ಕೂರಲಿಲ್ಲ. ಕೇಳಲೂ ಇಲ್ಲ. ಅವನ ಕಣ್ಣು ತೆಂಗಿನ ಪಾತಿಯಲ್ಲಿ ನೆಟ್ಟಿದ್ದ ಹಾರೆಯ ಮೇಲೆ ಬಿದ್ದಿತ್ತು. ಗೋಡೆ ತಿನ್ನುತ್ತಿದೆ. ಗೋಡೆ ಇಲ್ಲದಿದ್ದರೆ ತಿನ್ನುವುದು ಏನು? ಅಷ್ಟೇ ಅವನಿಗೆ ಹೊಳೆದದ್ದು. ಹಾರೆ ಕಿತ್ತುಕೊಂಡು ಹಿತ್ತಲಿಗೆ ಓಡಿದ. ಹಿಂದಿನಿಂದ ಮಹಾನಂದಮ್ಮ ಕೂಗುತ್ತಿದ್ದರು. “ಒಡೀಬೇಡಿ! ಮೇಷ್ಟ್ರೇ, ಒಡೀಬೇಡಿ!”

ಮರದ ಕೆಳಗೆ ಕತ್ತಲೆ ಗಟ್ಟಿಯಾಗಿತ್ತು. ಬೆಲ್ಲ ಸುಣ್ಣದ ವಾಸನೆ ಗಂಟಲಿಗೇ ಬಂದು ಅಂಟಿತು. ಗೋಡೆಯ ಎಡ ಮಗ್ಗುಲಲ್ಲಿ, ಎದೆಮಟ್ಟದಲ್ಲಿ, ಒಂದು ಕಲ್ಲಿನ ಸಂದಿಗೆ ಹಾರೆಯ ತುದಿ ಕೊಟ್ಟ. ಮೀಟಿದ. ಗಾರೆ ಹಸಿ ಮಾಂಸದ ಹಾಗೆ ಎಳೆದುಕೊಂಡಿತು. ಇನ್ನೊಮ್ಮೆ ಮೀಟಿದ. ಲಟಕ್ ಎಂದಿತು.

ಕಲ್ಲು ಉರುಳಿತು.

ಗೇಟಿನಾಚೆಯಿಂದ ಚೀತ್ಕಾರ ಕೇಳಿಸಿತು.

ಅವನು ಓಡಿದ. ಹಾರೆ ಎಲ್ಲಿ ಬಿತ್ತೋ ತಿಳಿಯದು. ಕಾರಿನ ಸೀಟಿನಲ್ಲಿ ಆರಾಧನಾ ಬಲಗೈಯಲ್ಲಿ ಎಡ ಭುಜ ಹಿಡಿದು ಮಡಿಚಿ ಬಿದ್ದಿದ್ದಳು. ಕತ್ತಿನ ಬುಡದ ಎಲುಬು ಚರ್ಮದ ಕೆಳಗೆ ಗೂಟದಂತೆ ಎದ್ದಿತ್ತು. ಕಾರಿನ ಬಾಗಿಲು ಹಾಕಿತ್ತು. ಗಾಜು ಏರಿಸಿತ್ತು. ಅವಳನ್ನು ಯಾರೂ ಮುಟ್ಟಿರಲಿಲ್ಲ.

“ಅಪ್ಪ,” ಎಂದಳು. “ಏನ್ ಮಾಡ್ದೆ?”

ಅಷ್ಟು ಹೊತ್ತಿಗೆ ಕೈಲಾಸ್ ಮನೆಯೊಳಗಿಂದ ಬಂದಿದ್ದ. ಇಬ್ಬರೂ ಅವಳನ್ನು ಎತ್ತಿ ತಂದು ವರಾಂಡದಲ್ಲಿ ಮಲಗಿಸಿದರು. ಮಗುವಿನಷ್ಟೇ ಭಾರ. ಮಹಾನಂದಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಈಗ ಅವರು ಅವನನ್ನು ಮೇಷ್ಟ್ರೇ ಎನ್ನಲಿಲ್ಲ.

“ಈಗಲಾದ್ರೂ ಬಾಯಿ ಮುಚ್ಕೊಂಡು ಕೇಳು. ಗೋಡೆ ಎತ್ತುವಾಗ ಮೇಸ್ತ್ರಿ ಒಬ್ಬನ ಅಳತೆಯನ್ನ ದಾರದಲ್ಲಿ ತೆಗೆದು ಬುಡದಲ್ಲಿ ಇಡ್ತಾನೆ. ನೀನು ನಿಲ್ಲೋ ತನಕ ಇವನ ಬಲ ತಗೋ ಅಂತ. ಗೋಡೆ ಮುಗಿದ ದಿನ ನೆತ್ತಿ ಮೇಲೆ ಮುಚ್ಚುಗಲ್ಲು ಕೂರಿಸಿ, ನಿನ್ನ ಕೆಲಸ ಆಯ್ತು, ಇವನ್ನ ಬಿಡು ಅಂತ ಹೇಳಿ ದಾರ ಎಳೀತಾನೆ. ಅಪ್ಪಯ್ಯ ಇಟ್ಟಿದ್ದು ತನ್ನ ಮಗನ ಅಳತೆ. ದೊರೆ ಮುಚ್ಚೋಕೆ ಬಿಡ್ಲಿಲ್ಲ. ಹುಡುಗ ಹೋದ. ಹೊಟ್ಟೆ ಉರಿದು ಅಪ್ಪಯ್ಯ ಮಾಟ ಮಾಡಿ ಹೋದ, ಇಲ್ಲಿ ಯಾರ ಅಳತೆ ಬಿದ್ರೂ ನಿನ್ನದೇ ಅಂತ. ಅದು ಇನ್ನೂ ಮುಗೀದಿರೋ ಗೋಡೆ. ತಗೋತಾನೇ ಇರುತ್ತೆ.”

“ಹಾಗಾದ್ರೆ ಮುಚ್ಚೋಣ!”

“ಅಳತೆ ಬಿದ್ದೋರು ಬದುಕಿರೋವಾಗಲೇ ಮುಚ್ಚಬೇಕು, ನಂಗೆ ಗೊತ್ತಾದಾಗ ಈಶ್ವರ ಇರ್ಲಿಲ್ಲ. ತೆಗೆದ ಕಲ್ಲು ಮೊದಲು ಕೂರಿಸು.”

ಬೆಲ್ಲ ಕುಟ್ಟಿದರು. ಸುಣ್ಣ ಕಲಸಿದರು. ವಾದಿರಾಜ ಬದುಕಿನಲ್ಲಿ ಗಾರೆ ಮುಟ್ಟಿದವನಲ್ಲ. ಬೊಗಸೆಯಲ್ಲೇ ಮೆತ್ತಿದ. ಸುಣ್ಣ ಕೈ ಸುಟ್ಟಿತು. ಕಲ್ಲನ್ನು ಎದೆಗವಚಿ ತಂದು ಸಂದಿಯಲ್ಲಿ ತಳ್ಳಿದ. ವರಾಂಡದಲ್ಲಿ ಅವಳು ಉಸಿರೆಳೆದುಕೊಂಡದ್ದು ಇಲ್ಲಿಗೆ ಕೇಳಿಸಿತು.

“ಮುಚ್ಚುಗಲ್ಲು ಎಲ್ಲಿ?” ಎಂದು ಕೂಗಿದ.

“ಬಾವಿ ಹತ್ರ. ಅಪ್ಪಯ್ಯ ಕಡೆದಿಟ್ಟಿದ್ದು. ನಾವು ಅದರ ಮೇಲೆ ಕಾಲು ತೊಳೀತೀವಿ.”

ಎರಡು ಕೈ ಅಗಲದ ಚಪ್ಪಡಿ. ಬುಡದಲ್ಲಿ ಪಾಚಿ. ಕೈಲಾಸ್ ಒಂದು ಕಡೆ ಹಿಡಿದ, ವಾದಿರಾಜ ಒಂದು ಕಡೆ. ಏಣಿ ಗೋಡೆಗೆ ತಾಗಿದಕೂಡಲೇ ಗೋಡೆ ನಡುಗಿತು. ಒಂದು ಮೆಟ್ಟಿಲು. ಇನ್ನೊಂದು. ಒಳಗೆ ಮರಳು ಜಾರುತ್ತಿತ್ತು. ಜಾರುತ್ತಲೇ ಇತ್ತು. ಕಿವಿಯೊಳಗೇ ಜಾರಿದಂತೆ.

“ಬೇಗ!” ಮಹಾನಂದಮ್ಮನ ಕೂಗು. “ಇವಳ ಕೈಬಳೆ ಉದುರ್ತಿದೆ. ಬೇಗ!”

ಮೂರನೆಯ ಮೆಟ್ಟಿಲು. ನಾಲ್ಕನೆಯದು. ಕೈಲಾಸ್ ಬೆವರಿನಲ್ಲಿ ಜಾರಿದ. ಚಪ್ಪಡಿ ವಾದಿರಾಜನ ಬೆರಳಿನ ಮೇಲೆ ಕೂತಿತು. ಬಿಡಲಿಲ್ಲ. ಕತ್ತಲೆಯಲ್ಲಿ ಗೋಡೆಯ ನೆತ್ತಿ ಬಾಯಿ ತೆರೆದಂತೆ ಕಂಡಿತು. ಉಸಿರು ಬಿಸಿಯಾಗಿ ಮುಖಕ್ಕೆ ಬಡಿಯಿತು. ಆ ಉಸಿರಿನೊಳಗೆ ಒಂದು ಸಣ್ಣ ಧ್ವನಿ. ಎಂಟೊಂದ್ಲ ಎಂಟು. ಎಂಟೆರಡ್ಲ ಹದಿನಾರು. ಕೆಳಗೆ ಕೈಲಾಸ್ ಅಳತೊಡಗಿದ. ತಾನು ಹುಟ್ಟುವ ಮೊದಲೇ ಹೋದ ಅಣ್ಣನ ಧ್ವನಿ ಅವನಿಗೆ ಹೇಗೆ ಗುರುತಾಯಿತೋ. ವಾದಿರಾಜ ಕಣ್ಣು ಮುಚ್ಚಿದ. ಎತ್ತಿದ. ತಳ್ಳಿದ.

ಕಲ್ಲು ಕೂತಿತು.

“ಆರಾಧನಾ!” ಎಂದು ಮೂರು ಸಲ ಹೆಸರು ಕೂಗಿ, ಗೋಡೆಗೆ ಹೇಳಿದ. “ನಿನ್ನ ಕೆಲಸ ಆಯ್ತು. ನನ್ನ ಮಗಳನ್ನ ಬಿಡು!”

ಮರಳಿನ ಸದ್ದು ನಿಂತಿತು. ಬೀದಿಯಲ್ಲಿ ಒಂದು ಆಟೋ ಹಾರನ್ ಮಾಡಿದ್ದು ಸ್ಪಷ್ಟವಾಗಿ ಕೇಳಿಸಿತು.

ಅವಳು ಉಳಿದಳು. ನಾಲ್ಕು ಅಡಿ ಎಂಟು ಇಂಚಿಗೆ ನಿಂತಳು. ಹೋದದ್ದು ಹಿಂದಕ್ಕೆ ಬರಲಿಲ್ಲ. “ದಾರ ಇದ್ದಿದ್ರೆ ಎಳೀಬಹುದಿತ್ತು,” ಎಂದರು ಮಹಾನಂದಮ್ಮ. “ನೀವು ಅಳೆದಿದ್ದು ಉಕ್ಕಿನ ಪಟ್ಟಿಯಲ್ಲಿ. ಗೋಡೆಯೊಳಗೆ ಇಟ್ಟಿರೋದು ಏನೂ ಇಲ್ಲ. ಏನನ್ನ ಎಳೆಯೋದು? ಹೋದಷ್ಟು ಆ ಗೋಡೇಲೇ ಇರುತ್ತೆ, ಅದಕ್ಕೆ ತಾಗಿದ್ದು ಇವಳಿಗೂ ತಾಗುತ್ತೆ.”

ಪುಸ್ತಕ ಅಚ್ಚಾಗಲಿಲ್ಲ. ಕೈಲಾಸ್ ಮತ್ತೆ ಕೇಳಲೂ ಇಲ್ಲ. ಮಗಳ ಎಲುಬು ಕೂಡಿಕೊಂಡಿತು, ಎಡಗೈ ಮಾತ್ರ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಆರಾಧನಾ ಕಾಲೇಜಿಗೆ ಹೋಗತೊಡಗಿದಳು. ಗೋದಾ ಅವಳ ಬಟ್ಟೆಗಳನ್ನೆಲ್ಲ ಕತ್ತರಿಸಿ ಹೊಲಿದಳು; ಹೊಲಿಯುವಾಗ ಗಂಡನ ಕಡೆಗೆ ನೋಡುತ್ತಿರಲಿಲ್ಲ. ಪ್ರತಿ ಭಾನುವಾರ ವಾದಿರಾಜ ಒಂದು ಡಬ್ಬಿ ಸುಣ್ಣ, ಒಂದು ಅಚ್ಚು ಬೆಲ್ಲ ಹಿಡಿದು ಕೋಟೆ ಮನೆಗೆ ಹೋಗುತ್ತಿದ್ದ. ಗೋಡೆಯ ಸಂದಿಸಂದಿಯನ್ನೂ ಬೆರಳಾಡಿಸಿ ನೋಡುತ್ತಿದ್ದ. ಉದುರಿದ ಕಡೆ ಮೆತ್ತುತ್ತಿದ್ದ. ಬೀಸುಗಾಳಿಗೆ ಮಳೆಮರದ ಕೊಂಬೆ ಬೀಳಬಾರದೆಂದು ಕಡಿಸಿದ. ಮಳೆ ಬಂದ ದಿನ ಮಗಳ ಬೆನ್ನು ತಣ್ಣಗಾಗುತ್ತಿತ್ತು. ಅದೊಂದನ್ನು ಬಿಟ್ಟರೆ ಎಲ್ಲ ಸರಿಯಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದೆ ಕೂತು ಅವಳು ತಿನ್ನದೆ ಎಡ ಪಕ್ಕೆಯ ಕೆಳಗೆ ಬೆರಳಿಟ್ಟುಕೊಂಡಳು.

“ಅಪ್ಪ, ಇಲ್ಲೇನೋ ಆಗ್ತಿದೆ.”

“ನೋವಾ?”

“ನೋವಲ್ಲ. ಸಣ್ಣದಾಗಿ ಏನೋ ಒಳಗಡೆ ಇಳೀತಿದೆ. ದಾರಿ ಹುಡುಕ್ಕೊಂಡು ಹೋಗ್ತಿರೋ ಥರ.”

ಅವನು ಕೈ ತೊಳೆಯಲಿಲ್ಲ. ಸ್ಕೂಟರ್ ತೆಗೆದ. ಚಾಮರಾಜಪೇಟೆ ಮುಟ್ಟಿದಾಗ ಜಿಟಿಜಿಟಿ ಮಳೆ ನಿಂತಿತ್ತು. ಗೋಡೆಯ ಹಿಂಬದಿಯಲ್ಲಿ, ಎಡಕ್ಕೆ, ಅವನ ಸೊಂಟದ ಎತ್ತರದಲ್ಲಿ ಅದು ಕಂಡಿತು. ಕಳೆದ ಭಾನುವಾರ ಇರಲಿಲ್ಲ. ಎರಡು ಕಲ್ಲುಗಳ ನಡುವೆ ಒಂದು ಅರಳಿ ಸಸಿ. ಬೆರಳುದ್ದ. ಎರಡೇ ಎಲೆ, ತಾಮ್ರದ ಬಣ್ಣ, ಮಳೆಹನಿ ಹೊತ್ತು ಹೊಳೆಯುತ್ತಿದ್ದವು. ಕೂದಲಿನಷ್ಟು ಸಣ್ಣ ಬೇರು ಗಾರೆಯೊಳಗೆ ಇಳಿದುಹೋಗಿತ್ತು. ಅರಳಿಯ ಬೇರು ಬೆಳೆದು ಕಲ್ಲನ್ನು ಹೇಗೆ ಸೀಳುತ್ತದೆಂದು ಬೆಂಗಳೂರಿನ ಹಳೆಯ ಗೋಡೆಗಳನ್ನು ಕಂಡವರಿಗೆಲ್ಲ ಗೊತ್ತು.

ಎರಡು ಬೆರಳಲ್ಲಿ ಕಾಂಡ ಹಿಡಿದ. ಮೆಲ್ಲಗೆ, ಬಹಳ ಮೆಲ್ಲಗೆ ಎಳೆದ.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗೋದಾ.

ಅವನು ಫೋನ್ ತೆಗೆಯಲಿಲ್ಲ. ಸಸಿಯಿಂದ ಕೈ ತೆಗೆದ. ರಿಂಗು ಇನ್ನೆರಡು ಸಲ ಹೊಡೆದು ನಿಂತಿತು.

ಅವನು ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತ. ಎರಡೆಲೆಯ ನಡುವೆ ಮೂರನೆಯದು ಮೂಡಿತ್ತು, ಇನ್ನೂ ಸುರುಳಿಯಲ್ಲೇ ಇತ್ತು.